ಧೈರ್ಯ ತುಂಬಲು ಹೋಗಿ ಫ್ಯಾನು ಬಿಚ್ಚಿದ್ದು

ಧೈರ್ಯ ತುಂಬುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇಡೀ ಇಂಜಿನಿಯರಿಂಗ್ ಕಾಲೇಜಿನಲ್ಲೇ ಇಲ್ಲ ಎಂದು ನಾನು ನಂಬಿದ್ದ ಕಾಲವದು. ತೊಂಬತ್ತರ ದಶಕ. ಸೊರಬದ ಕಡೆಯ ಕುಬಟೂರಿನಿಂದ ಹೋದ ನಾನು ಎಲೆಕ್ಟ್ರಿಕಲ್ ವಿಭಾಗದ ಮೂರನೇ ವರ್ಷದಲ್ಲಿದ್ದೆ. ಸಾಲದ್ದಕ್ಕೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷ್ ಪಾಠಕ್ಕೆ ಕಂಗಾಲಾಗುವ ಹಳ್ಳಿ ಹುಡುಗ ಹುಡುಗಿಯರಿಗಾಗಿ ನಾವೇ ಕಟ್ಟಿಕೊಂಡ ‘ಹಳ್ಳಿ ಇಂಜಿನಿಯರ್ ಬಳಗ’ದ ಅಧ್ಯಕ್ಷ!

ಮೊದಲ ವರ್ಷದ ರೇಣುಕಾ ರಜೆಗೆಂದು ಊರಿಗೆ ಹೋದವಳು ವಾಪಸ್ ಬರಲೇ ಇಲ್ಲ. ಶಿಕಾರಿಪುರ ತಾಲ್ಲೂಕು, ತೊಗರ್ಸಿ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆ. ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅವಳು ಓದು ಬಿಟ್ಟರೆ ನಮ್ಮ ಬಳಗ ಇದ್ದೂ ಇಲ್ಲದ ಹಾಗೆ. “ನಾನೇ ಹೋಗಿ ಕರೆತರುತ್ತೇನೆ” ಎಂದು ಘೋಷಿಸಿ, ಇಸ್ತ್ರಿ ಅಂಗಿ ತೊಟ್ಟು ಬಸ್ ಹತ್ತಿದೆ.

ಅವಳ ಅಪ್ಪ ಬೀರಪ್ಪ ಕಂಬಳಿ ಹಾಸಿ ಕೂರಿಸಿದರು. ರೇಣುಕಾ ಬಾಗಿಲ ಬಳಿಯೇ ನಿಂತು, “ನನ್ ಕೈಲಿ ಆಗಲ್ರೀ ಅಣ್ಣಾ. ಅಲ್ಲಿ ಎಲ್ರೂ ಭಾಳ ಬುದ್ಧಿವಂತರು. ನನಗೊಬ್ಬಳಿಗೇ ಏನೂ ತಿಳಿಯಲ್ಲ” ಎಂದಳು.

ನಾನು ಭಾಷಣ ಶುರು ಮಾಡಿದೆ. ಬೆವರು ಸುರಿಯಿತು. ಮೂಲೆಯಲ್ಲಿ ಟೇಬಲ್ ಫ್ಯಾನು ಕಂಡಿತು, ಮಗಳ ಓದಿಗೆಂದೇ ತಂದದ್ದು. ಸ್ವಿಚ್ ಒತ್ತಿದೆ. ತಿರುಗಲಿಲ್ಲ.

“ಅದೂ...” ಎಂದು ಬೀರಪ್ಪ ಬಾಯಿ ತೆರೆದರು.

“ಗೊತ್ತಾಯ್ತು ಬಿಡಿ! ಇಂಜಿನಿಯರಿಂಗ್ ಓದಿದ್ರೆ ಏನು ಪ್ರಯೋಜನ ಅಂತ ಈಗ ಕಣ್ಣಾರೆ ನೋಡಿ!”

ಪ್ಲಗ್ ಕಿತ್ತೆ. ಅಡುಗೆಮನೆಯ ಚಾಕು ತರಿಸಿ ಜಾಲರಿ ಬಿಚ್ಚಿದೆ, ರೆಕ್ಕೆ ಕಳಚಿದೆ. ಒಂದು ಸ್ಕ್ರೂ ಉರುಳುತ್ತಾ ಅಂಗಳದ ಕುರಿಗಳ ನಡುವೆ ಕಣ್ಮರೆಯಾಯಿತು. ಒಂದು ತಂತಿಯನ್ನೂ ಕಿತ್ತೆ. ಕೀಳಬೇಕೆಂದೇನೂ ಇರಲಿಲ್ಲ, ಕೈಗೆ ಬಂತು. ಕೊನೆಗೆ, “ಕಾಯಿಲ್ ಸುಟ್ಟಿದೆ” ಎಂದು ಗಂಭೀರವಾಗಿ ತೀರ್ಪು ಕೊಟ್ಟೆ.

ಅಷ್ಟರಲ್ಲಿ ಪಕ್ಕದ ಹಿಟ್ಟಿನ ಗಿರಣಿ ಗಡಗಡ ಎಂದಿತು. ನನ್ನ ನೆತ್ತಿಯ ಮೇಲಿನ ಬಲ್ಬು ಹೊತ್ತಿಕೊಂಡಿತು.

“ಕರೆಂಟ್ ಬಂತು ನೋಡ್ರಿ” ಎಂದರು ಬೀರಪ್ಪ.

ಎಲೆಕ್ಟ್ರಿಕಲ್ ವಿಭಾಗದ ಮೂರನೇ ವರ್ಷದ ವಿದ್ಯಾರ್ಥಿ, ಬಳಗದ ಅಧ್ಯಕ್ಷ, ಕರೆಂಟ್ ಇದೆಯೋ ಇಲ್ಲವೋ ಎಂದೇ ನೋಡಿರಲಿಲ್ಲ!

“ಮೊದ್ಲೇ ಹೇಳ್ಬಾರ್ದಿತ್ತಾ ಯಜಮಾನ್ರೇ?”

“ಹೇಳಾಕ್ ಬಂದೆ. ನೀವು ಗೊತ್ತಾಯ್ತು ಅಂದ್ರಿ. ಓದಿದೋರು, ಕರೆಂಟ್ ಇಲ್ದಾಗ್ಲೇ ಬಿಚ್ಚಬೇಕೇನೋ ಅಂದ್ಕೊಂಡು ಸುಮ್ನಾದೆ.”

ರೇಣುಕಾ ಬಾಗಿಲಿಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಅಣ್ಣಾ, ನೀವು ಎಲ್ಲಾ ಸಬ್ಜೆಕ್ಟೂ ಪಾಸಾಗೀರಾ?”

“ಎಲ್ಲಾ” ಎಂದೆ, ನೆಲ ನೋಡುತ್ತಾ.

“ಅಪ್ಪಾ, ನನ್ ಟ್ರಂಕ್ ಇಳಿಸು!”

“ಹೋಗಿ ಬಾ ಅವ್ವಾ” ಎಂದರು ಬೀರಪ್ಪ. “ಇವರೇ ಪಾಸಾಗ್ಯಾರಂದ್ರೆ ನಿನಗೇನು ಕಷ್ಟ?”

ಸಂಜೆಯ ಬಸ್ಸಿನಲ್ಲಿ ರೇಣುಕಾ ಬಂದಳು. ಅವಳ ತೊಡೆಯ ಮೇಲೆ ಪುಸ್ತಕದ ಚೀಲ, ನನ್ನ ತೊಡೆಯ ಮೇಲೆ ಫ್ಯಾನಿನ ಅವಶೇಷ. ಆ ವರ್ಷ ಅವಳು ಒಂದು ಪೇಪರನ್ನೂ ಉಳಿಸಿಕೊಳ್ಳದೆ ಪಾಸಾದಳು. ನನ್ನ ಫಲಿತಾಂಶಕ್ಕೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಮರುವರ್ಷ ಬಳಗಕ್ಕೆ ಅವಳೇ ಅಧ್ಯಕ್ಷೆ. ಯಾರಾದರೂ ಹೆದರಿ ಊರು ಸೇರಿದರೆ, ಕರೆತರಲು ಅವಳು ಕಳುಹಿಸುತ್ತಿದ್ದದ್ದು ನನ್ನನ್ನೇ.

“ಭಾಷಣ ಏನೂ ಬ್ಯಾಡ ಅಣ್ಣಾ” ಎನ್ನುತ್ತಾ ಕೈಗೊಂದು ಸ್ಕ್ರೂಡ್ರೈವರ್ ಕೊಡುತ್ತಿದ್ದಳು. “ಅವರ ಮನ್ಯಾಗೆ ಏನಾದ್ರೂ ಒಂದು ಬಿಚ್ಚಿ ಬರ್ರಿ. ಅಷ್ಟು ಸಾಕು!”