ಒಬ್ಬೊಬ್ಬರಿಗೊಂದು ಕಸದ ಬುಟ್ಟಿ

ಕಂಪ್ಯೂಟರ್ ಕೆಟ್ಟಿದೆ ಅಂತ ಕರೀತಾರೆ, ಹೋಗಿ ನೋಡಿದರೆ ಅದು ನೆಟ್ಟಗೇ ಇರುತ್ತದೆ. ಎಡವಟ್ಟು ಅದರ ಮುಂದೆ ಕೂತವರದು, ಇಲ್ಲವೇ ನನ್ನದು. ನಮ್ಮದು ತೆಂಗು, ಕಾಫಿ ಬೆಳೆಗಾರರ ಒಂದು ಸಂಘ. ಮುಖ್ಯ ಕಚೇರಿ ಬೇಲೂರು, ನಾನಿರುವುದು ಅರಸೀಕೆರೆ ಶಾಖೆಯಲ್ಲಿ. ಎಲ್ಲ ಶಾಖೆಗಳ ಇ-ಮೇಲ್ ನೋಡಿಕೊಳ್ಳುವವನು ನಾನೊಬ್ಬನೇ. ಆರು ವರ್ಷದಿಂದ ಗುತ್ತಿಗೆ ನೌಕರ. ಕಾಯಂ ಆಗಬೇಕೆನ್ನುವುದೊಂದೇ ನನ್ನ ಆಸೆ, ನನಗಿಂತ ಹೆಚ್ಚಾಗಿ ನನ್ನ ಹೆಂಡತಿಯ ಆಸೆ.

೧. ಕೊಬ್ಬರಿ ಕಸವಾದದ್ದು

ಮೊದಲು ಇಡೀ ಸಂಘಕ್ಕೆ ಒಂದೇ ಸ್ಪ್ಯಾಮ್ ಫಿಲ್ಟರ್ ಇಟ್ಟಿದ್ದೆ. ಯಾರು ಯಾವ ಮೇಲನ್ನು ಕಸಕ್ಕೆ ಹಾಕಿದರೂ ಅದು ಕಲಿತುಕೊಂಡು, ಅಂಥದ್ದನ್ನು ಎಲ್ಲರಿಗೂ ತಡೆಯುತ್ತಿತ್ತು. ನಮ್ಮ ಅರೇಹಳ್ಳಿ ಶಾಖೆಯ ಕಡೆ ಬೆಳೆಯುವುದು ಕಾಫಿ. ಅಲ್ಲಿನ ಗುಮಾಸ್ತರು ದಿನಾ ಬರುವ ಕೊಬ್ಬರಿ ದರದ ಮೇಲನ್ನು ಶ್ರದ್ಧೆಯಿಂದ ಕಸಕ್ಕೆ ಹಾಕಿದರು. ವಾರದೊಳಗೆ ಅರಸೀಕೆರೆಗೆ ದರ ಬರುವುದೇ ನಿಂತಿತು.

ನಮ್ಮ ಶಾಖೆಯ ಕಾರ್ಯದರ್ಶಿ ಮೇಜು ಗುದ್ದಿದರು. "ಅಲ್ಲಿ ಕಾಫಿ ಕುಡ್ಕೊಂಡು ಕೂತೋರು ನಮ್ಮ ಕೊಬ್ಬರೀನ ಕಸ ಅಂತಾರೇನ್ರೀ?"

ಅಂದೇ ಒಬ್ಬೊಬ್ಬರಿಗೂ ಬೇರೆ ಬೇರೆ ಫಿಲ್ಟರ್ ಹಾಕಿದೆ. ಇನ್ನು ಅವರವರ ಕಸ ಅವರವರದು ಎಂದು ವಿವರಿಸಿದೆ.

"ಹಂಗಾದ್ರೆ ನಾನು ಅವ್ರ ಕಾಫಿ ದರಾನ ಕಸಕ್ಕೆ ಹಾಕ್ಬೋದಾ?" ಎಂದರು.

೨. ಹಳೇಬೀಡಿನ ಆಶೀರ್ವಾದ

ಹಳೇಬೀಡು ಶಾಖೆಯ ವ್ಯವಸ್ಥಾಪಕರು ಒಂದು ದಿನ ಫೋನ್ ಮಾಡಿದರು. "ನಿನಗೆ ಕೈ ಮುಗೀತೀನಿ ಕಣಪ್ಪಾ! ಈ ತಿಂಗಳು ವರದಿ ಕಳಿಸಿ ಅಂತ ಬೇಲೂರಿಂದ ಒಂದೂ ಮೇಲ್ ಬಂದಿಲ್ಲ!"

ಹೋಗಿ ನೋಡಿದರೆ ಬೇಲೂರಿನ ಅಷ್ಟೂ ತಗಾದೆಗಳನ್ನು ಅವರೇ ಕಸಕ್ಕೆ ಹಾಕಿ ಫಿಲ್ಟರಿಗೆ ಕಲಿಸಿದ್ದರು. ನಾನು ಸರಿ ಮಾಡುವಷ್ಟರಲ್ಲಿ, ಇಂಥವನನ್ನು ಕೂಡಲೇ ಕಾಯಂ ಮಾಡಬೇಕೆಂದು ಆಡಳಿತ ಮಂಡಳಿಗೆ ಪತ್ರವನ್ನೂ ಬರೆದಿದ್ದರು, ಪುಣ್ಯಾತ್ಮರು. ಇಷ್ಟು ವರ್ಷದಲ್ಲಿ ಆ ಶಾಖೆಯಿಂದ ಬೇಲೂರಿಗೆ ಗಡುವಿನೊಳಗೆ ತಲುಪಿದ್ದು ಅದೊಂದೇ ಕಾಗದ.

೩. ಬಾಣಾವರದ ಕರುಳು

ಬಾಣಾವರದ ಗುಮಾಸ್ತೆ ಮೇಡಂ ಕಸದಲ್ಲಿದ್ದ ಮೇಲನ್ನೆಲ್ಲ ಹೊರಗೆತ್ತಿ ಓದುತ್ತಿದ್ದರು. "ಪಾಪ ಸಾರ್, ಯಾರೋ ಪರದೇಶದ ಹೆಣ್ಮಗಳು. ಗಂಡ ತೀರಿಕೊಂಡವ್ರಂತೆ. ಒಂದು ಸಮಾಧಾನದ ಮಾತು ಬರೀಬೇಡ್ವಾ?"

ನಾನು ರೇಗಿದೆ. "ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ ಅಂತ ಬಂದರೂ ಅಷ್ಟೇ, ಮೋಸ! ಮುಟ್ಟಲೇಬೇಡಿ. ನನ್ನ ಫಿಲ್ಟರಿಗೆ ಅದನ್ನೇ ಕಲಿಸಿದ್ದೀನಿ."

"ಹೂಂ ಸಾರ್," ಎಂದರು. "ಆ ಯಮ್ಮಂಗೆ ಬರೆದಾಗೋಗೈತೆ."

೪. ಅಭಿನಂದನೆಗಳು

ಒಂದು ಶುಕ್ರವಾರ ಬಾಣಾವರದ ಮೇಡಂದೇ ಫೋನು. "ಸಾರ್, ಅಭಿನಂದನೆಗಳು ಅಂತ ಬಂದೈತೆ. ನೀವು ಆಯ್ಕೆಯಾಗಿದ್ದೀರಂತೆ."

"ಮೇಡಂ, ಎಷ್ಟು ಸಲ ಹೇಳ್ಲಿ? ಮುಟ್ಟಬೇಡಿ!"

"ನಿಮ್ಮ ಹೆಸರೈತೆ. ನಿಮ್ಮ ತಂದೆ ಹೆಸರೂ ಐತೆ."

"ಈಗಿನ ಕಳ್ಳರು ಅದನ್ನೆಲ್ಲ ತಿಳ್ಕೊಂಡೇ ಬರೀತಾರೆ."

"ನಾಳೆ ಸಂಜೆಯೊಳಗೆ ಒಪ್ಪಿಗೆ ಕಳಿಸ್ಬೇಕಂತೆ ಸಾರ್."

"ಆತುರ ಪಡಿಸೋದೇ ಅವರ ವರಸೆ. ಅಳಿಸಿಹಾಕಿ!" ಎಂದು ಫೋನಿಟ್ಟೆ. ಒಬ್ಬರನ್ನು ಮೋಸದಿಂದ ಕಾಪಾಡಿದ ಹೆಮ್ಮೆಯಲ್ಲಿ ಅಂದಿನ ಕಾಫಿ ಬಲು ರುಚಿಯಾಗಿತ್ತು.

ಶನಿವಾರ ಬೆಳಿಗ್ಗೆ ಮೇಡಂ ರೈಲು ಹತ್ತಿ ಬಂದು ನನ್ನ ಮೇಜಿನ ಮುಂದೆ ನಿಂತರು. ಕೈಯಲ್ಲೊಂದು ಪ್ರಿಂಟು. ಅದು ಬೇಲೂರಿನ ಆಡಳಿತ ಮಂಡಳಿ ಹೊರಡಿಸಿದ ನನ್ನ ಕಾಯಂ ಆದೇಶ. ಪ್ರತಿ ಎಲ್ಲ ಶಾಖೆಗಳಿಗೂ ಹೋಗಿತ್ತು, ತೆರೆದು ಓದಿದವರು ಮೇಡಂ ಒಬ್ಬರೇ. ನನಗೆ ಬಂದದ್ದು ಮಾತ್ರ, ನಾನೇ ಕಲಿಸಿದ ಫಿಲ್ಟರಿನ ದಯೆಯಿಂದ, ಸೋಮವಾರದಿಂದ ನನ್ನ ಕಸದಲ್ಲಿ ಬಿದ್ದಿತ್ತು.

ನನ್ನಿಂದ ಅಷ್ಟು ಬೈಸಿಕೊಂಡೂ ಆ ತಾಯಿ ನನಗಾಗಿ ರಜೆ ಹಾಕಿ ಬಂದಿದ್ದರು. ಕಣ್ಣು ತುಂಬಿ ಬಂತು. ಜನ್ಮದಲ್ಲಿ ಆ ಋಣ ಮರೆಯುವಂತಿಲ್ಲ. ಕಾಗದಕ್ಕೆ ಕೈ ಚಾಚಲೂ ತೋಚದೆ ನಿಂತಿದ್ದೆ.

"ಹೆದರ್ಕೋಬೇಡಿ ಸಾರ್," ಎಂದರು ಮೇಡಂ, ಮೆಲ್ಲಗೆ. "ಇದು ಪೇಪರು. ಮುಟ್ಟಿದ್ರೆ ಏನೂ ಆಗಲ್ಲ."