ಅಪ್ಪನ ಪರವಾಗಿ ಮಾಲೀಸು

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ ಆದ್ದರಿಂದ, ನಾನು ಬರೆದುದನ್ನು ತಿದ್ದಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ಮೇಲಾಗಿ, ಈ ಪ್ರಬಂಧದ ಮಧ್ಯಭಾಗದಲ್ಲಿ ನಾನು ಒಂದು ತುಂಡು ಬಟ್ಟೆ ಸುತ್ತಿಕೊಂಡು ಬೋರಲು ಮಲಗಿರುತ್ತೇನೆ. ಆ ಭಂಗಿಯಲ್ಲಿ ಭಾಷೆಯ ಘನತೆಯನ್ನು ಕಾಪಾಡುವುದು ಕಷ್ಟ. ಲೋಪಗಳಿದ್ದರೆ ಓದುಗರು ಮನ್ನಿಸಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಲಗಾಲು ಸ್ವಾಧೀನ ತಪ್ಪಿತು. ಹಿನಕಲ್ಲಿನ ಮನೆಯಲ್ಲಿ ಅವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ದಿನವೂ ಎಣ್ಣೆ ಹಚ್ಚಿ ತಿಕ್ಕದಿದ್ದರೆ ಕಾಲು ಸೆಟೆದುಕೊಳ್ಳುತ್ತದೆಂದು ವೈದ್ಯರು ಎಚ್ಚರಿಸಿದ್ದರು. ಸಿದ್ಧಾರ್ಥನಗರದಲ್ಲಿ ಮಾಲೀಸಿನ ಕೇಂದ್ರವೊಂದಿದೆ ಎಂದೆ. “ಕಂಡೋರ್ ಕೈಲಿ ಕಾಲ್ ಒತ್ತಿಸ್ಕೊಳಕೆ ನಾನೇನ್ ಸಾವ್ಕಾರ್ನಾ?” ಎಂದರು. ಹುಡುಗನಾಗಿದ್ದಾಗ ಅವರು ಜಮೀನಿನ ಒಡೆಯರ ಕಾಲು ಒತ್ತುತ್ತಿದ್ದರು. “ಅವ್ರು ನಿದ್ದೆ ಹೋದ್ಮೇಲೂ ನಿಲ್ಸಂಗಿರ್ಲಿಲ್ಲ” ಎಂದು ಜೀವಮಾನದಲ್ಲಿ ಒಮ್ಮೆ ಮಾತ್ರ ಹೇಳಿದ್ದರು. ಹಾಗಾದರೆ ನಾನೇ ಒತ್ತುತ್ತೇನೆ ಎಂದದ್ದಕ್ಕೆ ಇನ್ನೂ ಸಿಟ್ಟು. “ನಿನ್ನ ಡಿಗ್ರಿ ಓದ್ಸಿದ್ದು ಇದ್ಕೇನ್ಲಾ?”

“ಯುಗಾದಿಗೆ ಕಾಲ್ ಮುಟ್ತೀನಲ್ಲಪ್ಪ?”

“ಅದು ಮುಟ್ಟೋದು. ಇದು ಒತ್ತೋದು.”

ಪರೀಕ್ಷೆಗೆ ಮುನ್ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದಿ ಪಾಸಾದವನು ನಾನು. ಆದ್ದರಿಂದ ಅಪ್ಪನ ಪರವಾಗಿ ಮೊದಲು ನಾನೇ ಹೋಗಿ ಮಾಲೀಸು ಮಾಡಿಸಿಕೊಂಡು, ಅಲ್ಲಿ ನಡೆಯುವುದನ್ನೆಲ್ಲ ಅವರಿಗೆ ವಿವರಿಸುವುದೆಂದು ನಿಶ್ಚಯಿಸಿದೆ. ಮಾಲೀಸು ಮಾಡುವ ಮಾದಪ್ಪನವರಿಗೆ ಅರವತ್ತು ದಾಟಿತ್ತು. ಹಲಗೆಯ ಮೇಲೆ ಮಲಗಿದೆ. ಅವರು ಎಣ್ಣೆಗೈಯಲ್ಲಿ ನನ್ನ ಪಾದದತ್ತ ಬಾಗಿದರು. ತಂದೆಯ ವಯಸ್ಸಿನವರು! ಗಾಬರಿಯಿಂದ ಎದ್ದು ಕುಳಿತು, ಹಲಗೆಯಿಂದ ಇಳಿದು, ನಾನೇ ಮೊದಲು ಅವರ ಪಾದ ಮುಟ್ಟಿ ನಮಸ್ಕರಿಸಿದೆ. ದಿಕ್ಕುತೋಚದೆ ಅವರು ಎಣ್ಣೆಗೈಯನ್ನು ನನ್ನ ತಲೆಯ ಮೇಲಿಟ್ಟು ಆಶೀರ್ವದಿಸಿದರು. ಬೆಳಿಗ್ಗೆಯಷ್ಟೇ ತಲೆಸ್ನಾನ ಮಾಡಿ ಹೋಗಿದ್ದೆ.

ಮತ್ತೆ ಹಲಗೆಯ ಮೇಲೆ ಬೋರಲು ಮಲಗಿದೆ. “ಮೈ ಬುಡಿ ಸಾಮಿ. ಇಂಗ್ ಬಿಗಿ ಹಿಡ್ಕೊಂಡ್ರೆ ನಿಮ್ಗಲ್ಲ, ಹಲಗೇಗ್ ಮಾಲೀಸ್ ಮಾಡ್ದಂಗಾಯ್ತದೆ” ಎಂದರು. ಮೈ ಬಿಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಅವರು “ಜೋರಾಯ್ತಾ?” ಎಂದಾಗಲೆಲ್ಲ, ಸಂದರ್ಶನಕ್ಕೆ ಕುಳಿತವನಂತೆ ತಲೆಯೆತ್ತಿ “ಇಲ್ಲ ಸಾರ್, ತಾವು ಮುಂದುವರಿಸಬಹುದು” ಎನ್ನುತ್ತಿದ್ದೆ. ಅವರ ಹೆಬ್ಬೆರಳು ಮೀನಖಂಡದೊಳಗೆ ಇಳಿದಾಗ ಮಾತ್ರ ಮಾತು ನಿಂತಿತು. ಒಡೆಯರು ನಿದ್ದೆ ಹೋದ ಮೇಲೂ ಒತ್ತುತ್ತಲೇ ಇದ್ದ ಪುಟ್ಟ ಬೆರಳುಗಳ ನೆನಪಾಯಿತು. “ನಿಮ್ಮ ಬೆರಳು ನೋಯುವುದಿಲ್ಲವೇ?” ಎಂದು ಕೇಳಿಯೇಬಿಟ್ಟೆ.

ಅವರ ಕೈ ನಿಂತಿತು. “ನೋಯ್ದೆ ಏನ್ ಮಾಡ್ತವೆ ಸಾಮಿ? ಸಂಜೆ ಮನೇಗ್ ಹೋದ್ರೆ ನನ್ ಮಗ ಒತ್ತುತಾನೆ. ಅವ್ನು ಬಿ.ಕಾಂ. ಕಣ್ರೀ. ಕೂಲೀಗ್ ಒತ್ತೋದೇ ಬೇರೆ, ಮಗ ಒತ್ತೋದೇ ಬೇರೆ.”

ಮನೆಗೆ ಬಂದು ಅಪ್ಪನ ಬೆನ್ನಿಗೆ ಈ ಮಾತನ್ನು ಒಪ್ಪಿಸಿದೆ. ಅಪ್ಪ “ಬಿ.ಕಾಂ. ಅಂದ್ನಾ?” ಎಂದು ಕೇಳಿ, ಕಂಬಳಿಯನ್ನು ಸರಿಸಿ ಕಾಲನ್ನು ಹೊರಗಿಟ್ಟರು. ಹಿಮ್ಮಡಿಯಿಂದ ಮೊಣಕಾಲಿನ ದಿಕ್ಕಿಗೆ ತಿಕ್ಕಬೇಕಾದ ಕಾರಣವನ್ನು ನಾನು ವಿವರಿಸತೊಡಗಿದಾಗ, “ಓದಿದ್ದು ಸಾಕು, ಒತ್ಲಾ” ಎಂದರು.

ಕಾಲು ಸರಿಹೋಗಲಿಲ್ಲ. ಎರಡು ವರ್ಷದ ಮೇಲೆ ಅಪ್ಪ ತೀರಿಕೊಂಡರು. ಆದರೆ ಅಂದಿನಿಂದ ಅವರು ಗೋಡೆಯ ಕಡೆ ತಿರುಗಿ ಮಲಗಲಿಲ್ಲ; ನಮ್ಮ ಕಡೆ ಮುಖ ಮಾಡಿ ಮಲಗಿದರು. ಅವ್ವನೂ ಈಗ ಸಂಕೋಚವಿಲ್ಲದೆ ಮೊಣಕಾಲು ಚಾಚುತ್ತಾಳೆ. ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಮೊನ್ನೆ ನನ್ನ ಸೊಂಟ ಹಿಡಿದುಕೊಂಡಾಗ, ಪಿಯುಸಿ ಓದುತ್ತಿರುವ ಮಗಳು ಎಣ್ಣೆಯ ಬಟ್ಟಲು ಹಿಡಿದು ಬಂದಳು. “ಬೇಡ ಕಣಮ್ಮ, ನೀನ್ ಹೋಗಿ ಓದ್ಕೋ” ಎಂದು ನಾನು ಗೋಡೆಯ ಕಡೆಗೆ ತಿರುಗಿಕೊಂಡೆ.