ಸಣಕಲನೊಬ್ಬ ಕೆಮ್ಮದೆ ಒಳಹೊಕ್ಕದ್ದು

ದಪ್ಪಗಿರುವವರನ್ನು ಎದುರಿಗೇ ದಪ್ಪ ಅನ್ನಲು ಈಗಿನ ಜನ ಸ್ವಲ್ಪ ಹಿಂದುಮುಂದು ನೋಡುತ್ತಾರೆ. ಸಣಕಲನ ವಿಷಯದಲ್ಲಿ ಆ ದಾಕ್ಷಿಣ್ಯವಿಲ್ಲ. ಅವನನ್ನು ಯಾರು ಬೇಕಾದರೂ ರಸ್ತೆಯಲ್ಲಿ ನಿಲ್ಲಿಸಿ, ಮೇಲಿಂದ ಕೆಳಗೆ ನೋಡಿ, ತೋಳು ಹಿಡಿದು ಒತ್ತಿ, "ಏನ್ರೀ, ಹಿಂಗಾಗೋಗಿದೀರಿ?" ಅನ್ನಬಹುದು. ನಾನು ಏನೂ ಆಗಿಲ್ಲ, ಹುಟ್ಟಿದಾಗಿನಿಂದ ಹೀಗೇ ಇದ್ದೇನೆ. ಮೂರು ಹೊತ್ತು ಉಣ್ಣುತ್ತೇನೆ, ಮುದ್ದೆಯಾದರೆ ಎರಡು. ಮಧುಗಿರಿಯ ಡಾಕ್ಟರು ರಕ್ತ, ಥೈರಾಯ್ಡು, ಎದೆಯ ಎಕ್ಸ್‌ರೇ ಎಲ್ಲ ನೋಡಿ, "ನಿಮ್ಮ ಮೈಕಟ್ಟೇ ಇದು ಮೇಷ್ಟ್ರೇ, ಸುಮ್ಮನೆ ಹೋಗಿ" ಅಂತ ಕಳಿಸಿದ್ದಾರೆ. ಆದರೆ ಆ ಚೀಟಿಯನ್ನು ಕುತ್ತಿಗೆಗೆ ಕಟ್ಟಿಕೊಂಡು ಓಡಾಡಲು ಆಗುತ್ತದೆಯೇ? ಶಿರಾದ ಕಡಲೆಕಾಯಿ ಮಂಡಿಯ ಸಾಬರು ನಾನು ಹೋದಾಗಲೆಲ್ಲ ಒಂದು ಹಿಡಿ ಕಾಯಿ ಜೇಬಿಗೆ ತುರುಕಿ, ನನ್ನ ಕೆನ್ನೆ ನೋಡಿ "ಯಾ ಅಲ್ಲಾ" ಅನ್ನುತ್ತಾರೆ. ಪಾವಗಡದ ಬಸ್ಸಿನ ಕಂಡಕ್ಟರು ಒಮ್ಮೆ, "ಸಾರೂ, ಕಿಟಿಕಿ ಹತ್ರ ಕೂರಬ್ಯಾಡ್ರಿ, ಗಾಲಿಕಿ ಎಗಿರಿಪೋತಾರು" ಅಂದ. ಗಾಳಿಗೆ ಹಾರಿಹೋಗುತ್ತೀರಿ ಅಂತ. ಬಸ್ಸಿಗೆ ಬಸ್ಸೇ ನಕ್ಕಿತು, ನಾನೂ ನಕ್ಕೆ. ಸಣಕಲರು ಬೇಗ ಕಲಿಯುವ ವಿದ್ಯೆ ಇದೇ, ಎಲ್ಲರಿಗಿಂತ ಮೊದಲು ನಗುವುದು.

ನಗಲಾಗದ್ದು ಇನ್ನೊಂದಿದೆ. ನನ್ನ ಹೆಜ್ಜೆಗೆ ಸಪ್ಪಳವಿಲ್ಲ. ಭಾರವೇ ಇಲ್ಲದ ಮೇಲೆ ಸಪ್ಪಳ ಎಲ್ಲಿಂದ ಬರಬೇಕು? ಸ್ಟಾಫ್ ರೂಮಿನಲ್ಲಿ ಯಾರದೋ ಬೆನ್ನ ಹಿಂದೆ ಹೋಗಿ "ಸಾರ್" ಅಂದರೆ ಅವರು ಎದೆ ಹಿಡಿದುಕೊಳ್ಳುತ್ತಾರೆ. ಬೀದಿಯ ನಾಯಿಗಳು ನನ್ನನ್ನು ಕಂಡು ಬೊಗಳುವುದಿಲ್ಲ. ನನ್ನ ಪಕ್ಕದಲ್ಲಿ ಖಾಲಿ ಜಾಗವನ್ನು ನೋಡಿ, ಕಿವಿ ಹಿಂದಕ್ಕೆ ಮಾಡಿಕೊಂಡು ಸರಿದು ಹೋಗುತ್ತವೆ. ನಾನು ವಿಜ್ಞಾನದ ಮೇಷ್ಟ್ರು, ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ನಾಯಿ ನೋಡಿದ ಆ ಜಾಗವನ್ನು ನಾನೂ ಒಮ್ಮೆ ತಿರುಗಿ ನೋಡುತ್ತೇನೆ. ನನ್ನ ಹೆಂಡತಿ ಭಾಗ್ಯ ಮದುವೆಯಾದ ಹೊಸದರಲ್ಲೇ ಒಂದು ಕಾನೂನು ಮಾಡಿದಳು, "ಒಳಗೆ ಬರುವಾಗ ಕೆಮ್ಮಿಕೊಂಡು ಬನ್ನಿ. ಹಿಂದೆ ಬಂದು ನಿಂತಿರ್ತೀರಿ, ನನಗೆ ಜೀವ ಹೋದಂಗಾಗುತ್ತೆ." ಹನ್ನೊಂದು ವರ್ಷದಿಂದ ನಾನು ಹೊಸ್ತಿಲಲ್ಲಿ ಕೆಮ್ಮಿಯೇ ಒಳಗೆ ಕಾಲಿಡುವುದು.

ಭಾಗ್ಯ ಈಚೆಗೆ ಮದುವೆ ಮುಂಜಿಗೆ ಬರುವುದನ್ನು ಬಿಟ್ಟಿದ್ದಳು. ತಲೆನೋವು ಅನ್ನುತ್ತಿದ್ದಳು, ನಾನೂ ನಂಬುತ್ತಿದ್ದೆ. ಕೊರಟಗೆರೆಯಲ್ಲಿ ನನ್ನ ಸೋದರತ್ತೆ ಒಬ್ಬರಿದ್ದಾರೆ. ನೆಂಟರ ಯಾವ ಮನೆಯಲ್ಲಿ ಏನು ಸಮಾರಂಭವಾದರೂ ಪಂಕ್ತಿಯ ನಡುವೆ ನಿಂತು, "ಏನೇ ಭಾಗ್ಯ, ನನ್ನ ಅಣ್ಣನ ಮಗನಿಗೆ ಅನ್ನ ಹಾಕ್ತೀಯೋ ಇಲ್ವೋ?" ಅಂತ ಕೇಳುವುದು ಅವರ ಪದ್ಧತಿ. ನಾನು ತಕ್ಷಣ, "ತಿಳಿಸಾರಿನ ಮೇಲಿನ ತಿಳಿ ಹಾಕ್ತಾಳೆ ಅತ್ತೆ" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅದು ನನ್ನ ಖಾಯಂ ಹಾಸ್ಯ. ಭಾಗ್ಯ ನಗುತ್ತಿದ್ದಳೋ ಇಲ್ಲವೋ ಅಂತ ತಿರುಗಿ ನೋಡಿದವನಲ್ಲ.

ಹೋದ ಸಲ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮೇಷ್ಟ್ರುಗಳಾದ ನಮ್ಮನ್ನು ಸರ್ಕಾರದವರು ಮನೆಮನೆ ಸಮೀಕ್ಷೆಗೆ ಹಾಕಿದರು. ನನಗೆ ಬಂದದ್ದು ದೊಡ್ಡೇರಿ ಕಡೆಯ ಒಂದು ಸಣ್ಣ ಊರು. ಮಧ್ಯಾಹ್ನ ಎರಡು ಗಂಟೆ, ಉರಿಬಿಸಿಲು. ಕೆರೆ ಏರಿ ಇಳಿದು ಹೊಲದ ಹಾದಿಯಲ್ಲಿ ಊರಿನ ಬೆನ್ನಿಗೆ ಬಂದೆ. ಊರಿನಲ್ಲಿ ಒಂದು ಸದ್ದಿಲ್ಲ. ಕೋಳಿಯಿಲ್ಲ, ಟೀವಿಯಿಲ್ಲ, ಮಗುವಿನ ಅಳುವಿಲ್ಲ. ಹಿತ್ತಿಲುಗಳ ಮೇಲೆ ಸಾಂಬ್ರಾಣಿಯ ಹೊಗೆ ಅಲ್ಲಾಡದೆ ನಿಂತಿತ್ತು. ಮೊಬೈಲು ಮಾತ್ರ ನಾನು ಸರಿಯಾದ ಮನೆಯ ಹತ್ತಿರ ಬಂದಿದ್ದೇನೆ ಅಂತ ತೋರಿಸುತ್ತಿತ್ತು. "ಯಾರಿದೀರಾ?" ಅಂದೆ. ಉತ್ತರವಿಲ್ಲ. ಆದರೆ ಮನೆಯ ಮುಂಭಾಗದಿಂದ ಯಾರೋ ಮೆಲ್ಲಗೆ ಮಾತಾಡುವುದು ಕೇಳುತ್ತಿತ್ತು. ಪಡಸಾಲೆಯಲ್ಲಿ ಕೂತಿದ್ದಾರೆ ಅಂದುಕೊಂಡೆ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ರಾಗಿ ಮೂಟೆಗಳನ್ನು ಒತ್ತಿಟ್ಟಿದ್ದರು. ಒಂದು ಗೇಣಿನಷ್ಟು ಮಾತ್ರ ತೆರೆದಿತ್ತು. ಬೇರೆ ಯಾವ ಮೇಷ್ಟ್ರಾಗಿದ್ದರೂ ಸುತ್ತು ಹಾಕಿ ಮುಂಬಾಗಿಲಿಗೆ ಹೋಗುತ್ತಿದ್ದರು. ನಾನು ಅಡ್ಡ ತಿರುಗಿ, ಉಸಿರು ಬಿಟ್ಟು, ಒಳಗೆ ಜಾರಿಕೊಂಡೆ. ಕೆಮ್ಮಲಿಲ್ಲ, ಅದು ನನ್ನ ಮನೆಯಲ್ಲವಲ್ಲ.

ಒಳಗೆ ಕತ್ತಲೆ, ತಣ್ಣಗೆ. ಯಾರೂ ಇಲ್ಲ. ನಡುಮನೆಯಲ್ಲಿ ಒಂದು ದೀಪ. ಅದರ ಮುಂದೆ ಬಾಳೆಲೆಯ ಮೇಲೆ ಎರಡು ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ನನಗೆ ಅರ್ಥವಾದದ್ದು ಆಗ. ತೀರಿಕೊಂಡ ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ನಿರಾಳವಾಗಿ ಉಣ್ಣಲಿ ಅಂತ ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಹೊರಗೆ ನಿಂತಿರುವ ಹೊತ್ತು ಅದು. ನಮ್ಮ ಮನೆಯಲ್ಲೂ ಹೀಗೇ ಮಾಡುತ್ತೇವೆ. ಗೋಡೆಯ ಮೇಲೆ ಹೂವಿನ ಹಾರದೊಳಗೆ ಫೋಟೋ. ದೀಪ ಸ್ವಲ್ಪ ಎದ್ದಾಗ ನೋಡಿದೆ. ಒಳಗೆ ಹೋದ ಕೆನ್ನೆ, ಮುಂದೆ ಬಂದ ಕಿವಿ, ಅಂಗಿಯ ಕಾಲರಿನೊಳಗೆ ಸಡಿಲವಾಗಿ ನಿಂತ ಕತ್ತು. ದಿನಾ ಬೆಳಿಗ್ಗೆ ಗಡ್ಡ ಕೆರೆಯುವಾಗ ನಾನು ನೋಡುವ ಮುಖ ಅದು. ವಯಸ್ಸು ಮಾತ್ರ ಇಪ್ಪತ್ತು ವರ್ಷ ಹೆಚ್ಚು. ಹಿಂದೆ ಸರಿದೆ. ಕಾಲಿಗೆ ಹಿತ್ತಾಳೆ ಚೊಂಬು ತಾಗಿ ಉರುಳಿತು.

ಹೊರಗಿನ ಪಿಸುಮಾತು ನಿಂತಿತು. ಆಮೇಲೆ ಮುಂಬಾಗಿಲಿಗೆ ಬಾಯಿ ಹಚ್ಚಿದಂತೆ ಒಬ್ಬ ಮುದುಕಿಯ ದನಿ ಬಂತು.

"ಬಂದ್ರಾ?"

ಉರುಳುತ್ತಿದ್ದ ಚೊಂಬನ್ನು ಕಾಲಿನಿಂದ ತಡೆದು ನಿಂತೆ.

"ಇವತ್ತಾದ್ರೂ ಹೊಟ್ಟೆ ತುಂಬ ಉಣ್ಣಿ. ನೀವು ಕಡ್ಡಿಯಂಗೆ ಇದ್ದುದ್ಕೆ ಊರೋರೆಲ್ಲ ನನ್ನ ಮಾರಿ ಅಂದ್ರು. ಗಂಡುನ್ ಪಾಲು ತಾನೇ ತಿಂತಾಳೆ ಅಂದ್ರು. ನೀವು ನಕ್ಕಂಡು ಸುಮ್ಕಿದ್ದುಬುಟ್ರಿ. ಸಾಯೋಗಂಟ ಒಂದು ಮಾತಾಡ್ನಿಲ್ಲ." ದನಿ ಒಡೆಯಿತು. "ಈಗಲಾದ್ರೂ ಬಾಯ್ಬಿಟ್ಟು ಏಳ್ರಿ. ನಾನೇನಾದ್ರೂ ಕಮ್ಮಿ ಮಾಡಿದ್ನಾ ನಿಮ್ಗೆ?"

"ಅವ್ವಾ, ಸುಮ್ಕಿರು" ಅಂತ ಗಂಡಸಿನ ದನಿ. ಆಕೆ ಸುಮ್ಮನಾಗಲಿಲ್ಲ. ಬಾಗಿಲ ಹಲಗೆಯನ್ನು ಉಗುರಿನಿಂದ ಕೆರೆದಳು. "ಏಳ್ರಿ, ಕಮ್ಮಿ ಮಾಡಿದ್ನಾ?"

ಓಡಿಹೋಗಬಹುದಿತ್ತು. ಬಾಗಿಲು ಬಡಿದು "ನಾನು ಸಮೀಕ್ಷೆಯ ಮೇಷ್ಟ್ರು" ಅನ್ನಬಹುದಿತ್ತು. ಆದರೆ ಆ ಪ್ರಶ್ನೆ ನನಗೆ ಹೊಸದಲ್ಲ ಅನ್ನಿಸಿತು. ನಮ್ಮ ಮನೆಯಲ್ಲಿ ಯಾರೋ ಅದನ್ನು ಕೇಳದೆ ಹನ್ನೊಂದು ವರ್ಷ ಇಟ್ಟುಕೊಂಡಿದ್ದಾರೆ. ಒಣಗಿದ ಬಾಯಿಂದ, ಆದಷ್ಟು ಮೆಲ್ಲಗೆ, "ಇಲ್ಲ" ಅಂದುಬಿಟ್ಟೆ. ಅಂದವನೇ ಹಿತ್ತಿಲ ಸಂದಿಯಲ್ಲಿ ತೂರಿ ಹೊರಗೆ ಬಂದು, ಬೇಲಿಯ ಪಕ್ಕ ಕೂತು, ಉಸಿರು ಹತೋಟಿಗೆ ಬರುವವರೆಗೆ ಕಾದೆ. ಎಡೆಯ ಮೇಲಿನ ಒಂದು ಅಗುಳನ್ನೂ ಮುಟ್ಟಿರಲಿಲ್ಲ.

ಕಾಲು ಗಂಟೆ ಬಿಟ್ಟು, ಗಟ್ಟಿಯಾಗಿ ಕೆಮ್ಮುತ್ತ ಮುಂಬಾಗಿಲಿಗೆ ಹೋದೆ. ಬಾಗಿಲು ತೆರೆದಿದ್ದರು. ಮಗ ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಹೋದ. ಕೆಂಪಕ್ಕ ಅನ್ನುವ ಆ ಮುದುಕಿ ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತು, "ಕೂತ್ಕಳಿ ಮೇಷ್ಟ್ರೇ. ಇವತ್ತು ಬಂದೋರು ಉಣ್ಣದೆ ಓಗಂಗಿಲ್ಲ" ಅಂದಳು. ಎಷ್ಟು ಬಡಿಸಿದರೂ ಕೈ ಅಡ್ಡ ಹಿಡಿಯದೆ ಉಂಡೆ. "ಇಷ್ಟೇ ಉಣ್ತೀರಾ, ಅದ್ಕೇ ಹಿಂಗಿದೀರಿ" ಅಂತ ಯಾರೂ ಹೇಳದ ಮೊದಲನೆಯ ಮನೆ ಅದು.

ಉಂಡಮೇಲೆ ಮನಸ್ಸು ತಡೆಯಲಿಲ್ಲ. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಕೆಂಪಕ್ಕ ಹತ್ತಿರ ಬಂದು ಕೂತು, "ಇವತ್ತು ನಮ್ಮೆಜಮಾನ್ರು ಮಾತಾಡಿದ್ರು ಕಣಪ್ಪ" ಅಂದಳು. "ನಾನು ಕಮ್ಮಿ ಮಾಡ್ನಿಲ್ಲ ಅಂದ್ರು. ಇಲ್ಲ ಅಂತ ಎಲ್ಡು ಸಲ ಅಂದ್ರು. ಮೊದಲ್ನೇದು ಯಾರೋ ಎದರ್ಕಂಡು ಅಂದಂಗಿತ್ತು. ಎಲ್ಡನೇದು ಮಾತ್ರ ಅವರ್ದೇ, ಗಟ್ಟಿ ದನಿ."

ನಾನು ಒಂದೇ ಸಲ ಅಂದಿದ್ದೆ. ಮಗನ ಮುಖ ನೋಡಿದೆ. ಅವನು ನೆಲ ನೋಡುತ್ತ, "ಊಂ ಸಾರ್, ಎಲ್ಡು" ಅಂದ. ಖಾಲಿ ಮನೆ, ಮಣ್ಣಿನ ಗೋಡೆ, ಪ್ರತಿಧ್ವನಿ ಇರಬೇಕು ಅಂತ ನನಗೆ ನಾನೇ ಪಾಠ ಮಾಡಿಕೊಂಡೆ. ಮಣ್ಣಿನ ಗೋಡೆ ಸದ್ದನ್ನು ಹೀರಿಕೊಳ್ಳುತ್ತದೆ ಅಂತ ಒಂಬತ್ತನೇ ಕ್ಲಾಸಿಗೆ ನಾನೇ ಹೇಳಿಕೊಟ್ಟಿದ್ದೇನೆ. ಸಮೀಕ್ಷೆಯ ಪ್ರಶ್ನೆಗಳನ್ನು ಹೇಗೆ ಮುಗಿಸಿದೆನೋ, ಬಸ್ಸಿಗೆ ಹೇಗೆ ಬಂದೆನೋ ತಿಳಿಯದು.

ಮನೆಗೆ ಬಂದು ಕೆಮ್ಮಿ, ನೇರ ಅಡುಗೆಮನೆಗೆ ಹೋಗಿ, "ಭಾಗ್ಯ, ನೀನು ನನಗೆ ಯಾವತ್ತೂ ಏನೂ ಕಡಿಮೆ ಮಾಡಿಲ್ಲ" ಅಂದೆ. ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ ಅಂತ ಗೊತ್ತಾದ ಮೇಲೆ ಒಲೆ ಕಡೆ ತಿರುಗಿ, "ನನಗೆ ಹೇಳಿ ಏನು ಬಂತು? ನನಗದು ಗೊತ್ತು. ಕೇಳೋರು ಹೊರಗಿದಾರೆ" ಅಂದಳು.

ಮುಂದಿನ ತಿಂಗಳು ಕೊರಟಗೆರೆಯಲ್ಲಿ ನೆಂಟರ ಮದುವೆ. ಬೇಡಿಕೊಂಡು ಅವಳನ್ನು ಕರೆದುಕೊಂಡು ಹೋದೆ. ಸೋದರತ್ತೆ ಪಂಕ್ತಿಯ ನಡುವೆ ನಿಂತು ವಾಡಿಕೆಯಂತೆ ಕೇಳಿದರು. ನಾನು ಎಲೆಯ ಮುಂದಿನಿಂದ ಎದ್ದು ನಿಂತೆ. "ಅತ್ತೆ, ಇವಳು ನನಗೇನೂ ಕಡಿಮೆ ಮಾಡಿಲ್ಲ" ಅಂದೆ. ದನಿ ನಡುಗಿತು. ಅತ್ತೆ ಭಾಗ್ಯಳ ಕೈ ಹಿಡಿದು, "ಅಯ್ಯೋ, ಗಂಡನ್ನ ಎಷ್ಟು ಹೆದರಿಸಿ ಇಟ್ಟಿದೀಯೇ! ಬಾಯಿಪಾಠ ಒಪ್ಪಿಸ್ತಾನಲ್ಲೇ" ಅಂದರು. ಎಲ್ಲರೂ ಗೊಳ್ಳೆಂದರು. ನನ್ನ ಧೈರ್ಯವೆಲ್ಲ ಇಳಿದುಹೋಗಿ ಅಭ್ಯಾಸಬಲದಿಂದ ನಾನೂ ನಗತೊಡಗಿ, ಕೂತುಬಿಟ್ಟೆ. ಪಕ್ಕದ ಎಲೆಯಿಂದ ಭಾಗ್ಯ ನನ್ನ ಕಿವಿಯ ಹತ್ತಿರ ಬಾಗಿ, "ಇನ್ನೊಂದ್ಸಲ ಹೇಳಿ" ಅಂದಳು.

ಮತ್ತೆ ಎದ್ದೆ. ಈ ಸಲ ನಗದೆ, ಗಟ್ಟಿಯಾಗಿ ಹೇಳಿದೆ. ಬಡಿಸುವವನ ಸೌಟು ನಿಂತಿತು, ಅತ್ತೆ ನನ್ನನ್ನೂ ನನ್ನ ಇನ್ನೊಂದು ಪಕ್ಕದ ಖಾಲಿ ಜಾಗವನ್ನೂ ನೋಡಿ ಸರಿದು ಹೋದರು. ಆ ದನಿ ಪೂರ್ತಿ ನನ್ನದೇ ಅಂತ ಇವತ್ತಿಗೂ ಆಣೆ ಮಾಡಲಾರೆ. ಕೆಂಪಕ್ಕನ ಯಜಮಾನರು ಆ ಎರಡನೆಯ "ಇಲ್ಲ" ಅನ್ನಲು ಸತ್ತು ಹೋಗಬೇಕಾಯಿತು. ನನ್ನಿಂದ ಎರಡನೆಯ ಸಲ ಹೇಳಿಸಲು ಅವರು ಕೊರಟಗೆರೆಯವರೆಗೂ ಬರಬೇಕಾಯಿತೋ ಏನೋ.